ನನ್ನ ಇಲಿ, ನಿನ್ನ ಜೀರುಂಡೆ

ತಳಿ ಸಂರಕ್ಷಣಾ ಕೇಂದ್ರ, ಹಿಂದಿನ ಕಟ್ಟಡ
ಗುರುವಾರ, ಮಾರ್ಚ್ ೧೪

ಪ್ರೀತಿಯ ತಮ್ಮಾ,

ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ಕಡ್ಡಿ ತೂರಿಸಿ ತುರಿಸಿಕೊಳ್ಳುತ್ತೀಯೆಂದು ಅಮ್ಮ ಫೋನಿನಲ್ಲಿ ದೂರಿದಳು. ಜೀರುಂಡೆಗಾಗಿ ಮರ ಹತ್ತಿ ಬಿದ್ದವನಿಗೆ ಅಷ್ಟಾದರೂ ಶಿಕ್ಷೆ ಬೇಡವೇ? ನಾನು ಚೆನ್ನಾಗಿದ್ದೇನೆ. ನಿನ್ನ ಜೀರುಂಡೆಗಳ ದಿಮ್ಮಿಗಳಿಗೆ ದಿನವೂ ನೀರು ಚಿಮುಕಿಸುತ್ತಿದ್ದೇನೆ, ಬೈದುಕೊಂಡೇ.

ಸುದ್ದಿ ಏನೆಂದರೆ, ನಾವಿಬ್ಬರೂ ನೋಡಿಕೊಳ್ಳುವ ಎರಡು ಬಿಸಿ ಕೋಣೆಗಳಲ್ಲಿ ಒಂದನ್ನು ಮುಚ್ಚುತ್ತಾರಂತೆ. ನನ್ನ ಗುಡ್ಡದಿಲಿ, ನಿನ್ನ ಕೊಂಬಿನ ಜೀರುಂಡೆ, ಎರಡೂ ಅಳಿವಿನಂಚಿನವೇ. ಯಾವುದನ್ನು ಉಳಿಸಿಕೊಳ್ಳೋಣ, ಹೋಲಿಸಿ ಬರೆದುಕೊಡಿ ಎಂದು ಮೇಲಧಿಕಾರಿ ನನಗೇ ಹೇಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ರೇಗಿಸುತ್ತಿದ್ದೆಯಲ್ಲ, ಆ ಮುದ್ದನ್ನೆಲ್ಲ ಸುರಿದು ಒಂದು ಪುಟ ಬರೆದೆ. ಇಲಿಯ ದುಂಡು ಕಣ್ಣು ನೋಡಲು ಮಕ್ಕಳು ಸಾಲುಗಟ್ಟುತ್ತಾರೆ, ಅದು ಹೂತಿಟ್ಟು ಮರೆತ ಬೀಜಗಳಿಂದ ಮರ ಹುಟ್ಟುತ್ತದೆ ಎಂದೆಲ್ಲ. ಜೀರುಂಡೆಗೆ ಒಂದೇ ಸಾಲು: ಸತ್ತ ಮರವನ್ನು ತಿಂದು ಮಣ್ಣು ಮಾಡುತ್ತದೆ.

ಹೋದ ವಾರ ಮಂಗಳವಾರ ನಿನ್ನ ಕೋಣೆಯಲ್ಲಿ ಕರಕರ ಸದ್ದು. ನನ್ನ ಇಲಿಯೊಂದು ತಪ್ಪಿಸಿಕೊಂಡು ಗೋಡೆ ಕೊರೆಯುತ್ತಿದೆಯೆಂದುಕೊಂಡೆ. ಕಪಾಟು ಸರಿಸಿದೆ, ಮೂಲೆಮೂಲೆಗೂ ಬೀಜ ಇಟ್ಟೆ, ಮೊಣಕಾಲೂರಿ ಮುದ್ದುಮಾಡಿ ಕರೆದೆ. ಕೊನೆಗೆ ದಿಮ್ಮಿಗೆ ಕಿವಿಯಿಟ್ಟರೆ ಒಳಗೆ ನಿನ್ನ ಹುಳು ಅಗಿಯುತ್ತಿದೆ! ಬೆಟ್ಟ ಅಗೆದರೂ ಇಲಿ ಸಿಗಲಿಲ್ಲ ನೋಡು. ಆದರೆ ಥೇಟ್ ನನ್ನ ಇಲಿಯದೇ ಸದ್ದು ಕಣೋ. ಬಹಳ ಹೊತ್ತು ಅಲ್ಲೇ ಕೂತು ಕೇಳಿದೆ. ವರ್ಷಗಟ್ಟಲೆ ಕತ್ತಲಲ್ಲಿ ಅಗಿದು, ರೆಕ್ಕೆ ಬಂದ ಮೇಲೆ ಒಂದೇ ಬೇಸಿಗೆಯ ಆಯುಸ್ಸು, ಪಾಪ. ಆಂಬುಲೆನ್ಸ್ ಹತ್ತುವಾಗಲೂ ನೀನು, “ಕೋಶ ಕಟ್ಟೋ ಕಾಲ, ದಿಮ್ಮಿ ಅಲ್ಲಾಡಿಸ್ಬೇಡ ಕಣೇ ಅಕ್ಕಾ, ಸತ್ತೇ ಹೋಗ್ತವೆ” ಎಂದು ಕೂಗಿದ್ದು ನೆನಪಾಯಿತು. ಆಗ ನಕ್ಕಿದ್ದೆ. ಆ ಪುಟವನ್ನು ಹರಿದು ಬೇರೆ ಬರೆದುಕೊಟ್ಟೆ.

ಅಮ್ಮನಿಗೆ ನಮಸ್ಕಾರ ಹೇಳು. ನಿನ್ನ ಮೂಳೆ ಬೇಗ ಕೂಡಲಿ, ಬುದ್ಧಿಯೂ ಕೂಡಲಿ.

ಇಂತಿ,
ನಿನ್ನ ಹೆಗ್ಗಣದಕ್ಕ

ಮರೆತೆ: ಇಲಿಗಳನ್ನು ಪಂಜರದಲ್ಲಿ ಸಾಗಿಸಬಹುದು, ದಿಮ್ಮಿಗಳನ್ನು ಈಗ ಕದಲಿಸುವಂತಿಲ್ಲ ಎಂದು ಬರೆದಿದ್ದೆ. ನಿನ್ನ ಕೋಣೆ ಉಳಿಯಿತು. ಇಲಿಗಳಿಗೆ ದೂರದ ಕೇಂದ್ರವೊಂದು ಜಾಗ ಕೊಟ್ಟಿದೆ, ನಾಳೆ ಬೆಳಿಗ್ಗೆ ವ್ಯಾನು ಬರುತ್ತದೆ. ಅವು ಬೇರೆಯವರ ಕೈಯಿಂದ ತಿನ್ನುವುದಿಲ್ಲ, ಹಾಗಾಗಿ ನಾನೂ ಹೊರಟಿದ್ದೇನೆ. ನೀನು ಕೆಲಸಕ್ಕೆ ಬರುವಾಗ ನಾನಿಲ್ಲಿ ಇರುವುದಿಲ್ಲ, ಅಳು ಬರುತ್ತಿದೆ. ನೀನು ಬರುವವರೆಗೆ ನೀರು ಚಿಮುಕಿಸಲು ಕಾವಲುಗಾರರಿಗೆ ಹೇಳಿದ್ದೇನೆ. ಮೂಲೆಗಳಲ್ಲಿಟ್ಟ ಬೀಜ ತೆಗೆಯಲು ನನಗೆ ಮನಸ್ಸಾಗಲಿಲ್ಲ, ನೀನೇ ಗುಡಿಸಿಬಿಡು.