ಅಡಗಿಮನಿ ಬಾಗಲದ ಪರದೆ

ಪಾರವ್ವಾ,

ನಿನ್ನ ನೋಡಾಕ ಮಧ್ಯಾಹ್ನಕ್ಕ ಬರ್ತಾರ. ಗ್ವಾಡಿ ಸುಣ್ಣ ಇನ್ನೂ ಹಸಿ ಐತಿ, ಕಾಕಾನ ಕರಿ ಕೋಟಿಗೆ ಹತ್ತತೈತಿ. ಒರಗಬ್ಯಾಡಂತ ಹತ್ತು ಸಲ ಹೇಳು.

ಬಣ್ಣದ ಕಟಗಿ ಹಣ್ಣಿನ ತಾಟು ಮ್ಯಾಲಿನ ಮಾಡದಾಗ ಇಡು, ಕೈಗೆ ಸಿಗಬಾರದು. ನನ್ನ ನೋಡಾಕ ಬಂದಾಗ ವರನ ಅಪ್ಪ ಖರೇ ಮಾವಿನಹಣ್ಣಂತ ತಿಳದು ಕಚ್ಚಿದ. ಹಲ್ಲೂ ಹೋತು, ಸಂಬಂಧನೂ ಹೋತು.

ದೊಡ್ಡಾಕಿ ಯಾಕ ಇನ್ನೂ ಮನ್ಯಾಗ ಕುಂತಾಳಂತ ಅವರು ಕೇಳಬಾರದು, ಅದು ಕಾಕಾನ ಅಪ್ಪಣಿ. ಅದಕ್ಕ ನಾ ಘೋಡಗೇರಿಗೆ ಹೊಂಟೇನಿ, ಸಂಜಿಗೆ ಬರ್ತೇನಿ.

ಹೊಸಾ ಪರದೆಗೆ ರೊಕ್ಕ ಎಲ್ಲಿ? ಅಡಗಿಮನಿ ಬಾಗಲಿಗೆ ಕಟ್ಟಿದ್ದು, ನಾ ಮೂರು ಸಲ ಉಟ್ಟು ತಲಿ ಬಗ್ಗಿಸಿ ಕುಂತ ಸೀರಿ. ಕಣ್ಣಿನ ಮಟ್ಟಕ್ಕ ಒಂದು ತೂತು ಐತಿ, ಬೇಕಂತನ ಹೊಲದಿಲ್ಲ. ಅವರು ನಿನ್ನ ನೋಡೂಕಿಂತ ಮೊದಲ ನೀ ಆ ಹುಡುಗನ್ನ ನೋಡು.

ನಿಮ್ಮಕ್ಕ ಕಾಶೆವ್ವ