ರಾಧಾಳ ಏಕಾದಶಿ

ಬಳ್ಳಾರಿ
9 ನವೆಂಬರ್ 2025, ಭಾನುವಾರ

ಪ್ರೀತಿಯ ಶ್ರೀಪ್ರಿಯಾ,

ಆಶೀರ್ವಾದಗಳು. ನೀನೂ ನಿಮ್ಮ ಮನೆಯವರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿಯ ಕ್ಷೇಮದ ಮಾತು ಮುಂದೆ ಬರೆಯುತ್ತೇನೆ. ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕುರುಗೋಡಿನ ನಮ್ಮ ಬ್ಯಾಂಕಿನ ಬ್ರಾಂಚಿಗೆ ಆಡಿಟ್‌ನವರು ಬಂದು ಕೂತಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಉತ್ತರ ಟೈಪ್ ಮಾಡುತ್ತಿದ್ದೆ, ಬಳ್ಳಾರಿ ಬರುವಷ್ಟರಲ್ಲಿ ಅಳಿಸುತ್ತಿದ್ದೆ. ಫೋನ್ ಮಾಡೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡು ಒಗ್ಗರಣೆ ಹಾಕುತ್ತೀಯ. ಇಲ್ಲಿ ನಿಮ್ಮಮ್ಮ ನನ್ನ ಮಗ್ಗುಲಲ್ಲೇ ಕೂತು "ಏನಂತಾಳ, ಏನಂತಾಳ" ಎನ್ನುತ್ತಾರೆ. ಅದಕ್ಕೇ ಕಾಗದ. ಬುಧವಾರ ಪಕ್ಕದ ಮನೆಯ ಹನುಮೇಶ್ ತನ್ನ ಕಾರಿನಲ್ಲಿ ಅಮ್ಮನನ್ನು ಸಿರುಗುಪ್ಪಕ್ಕೆ ಬಿಡಲು ಬರುತ್ತಾನಲ್ಲ, ಗೇಮ್ ಆಡುವ ಯಂತ್ರವನ್ನೂ ಡಬ್ಬಿಯಲ್ಲಿ ಹಾಕಿ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಈ ಕಾಗದ ಅದರೊಳಗೆ, ವೈರುಗಳ ಕೆಳಗೆ ಇರುತ್ತದೆ. ಅಮ್ಮ ವೈರು ಮುಟ್ಟುವುದಿಲ್ಲ.

"ಅತ್ತಿಗೆ, ಮೊದಲ ಸಲ ಆಡೋರಿಗೆ ಯಾವ ಹಾರರ್ ಗೇಮ್ ಛಲೋ? ಅಮ್ಮ ಬರೂದ್ರಾಗ ನಾನೂ ಕಲ್ತಿರಬೇಕಂತ. ಈ ವಯಸ್ಸಿನಾಗ ಅವರಿಗೆ ಇದನ್ನ ಹಚ್ಚಿದವರು ನೀವು, ನೀವಽ ಹೇಳ್ರಿ" ಎಂದು ಬರೆದಿದ್ದೀಯ. ಕೊನೆಗೆ ಒಂದು ನಗುವ ಮುಖ ಬೇರೆ.

ನಾನು ಹಚ್ಚಲಿಲ್ಲ ಶ್ರೀ. ದಿನವಿಡೀ ಕೌಂಟರಿನ ಜಗಳ ಕೇಳಿ ಬಂದವಳಿಗೆ, ಟಿವಿಯೊಳಗಿನ ಯಾವುದೋ ಪಾಳು ಬಂಗಲೆಯಲ್ಲಿ ಹೆದರಿಕೊಂಡು ನಡೆಯುವುದರಿಂದ ಯಾಕೆ ಮನಸ್ಸು ಹಗುರಾಗುತ್ತದೋ ನನಗೇ ಗೊತ್ತಿಲ್ಲ. ಆಗುತ್ತದೆ, ಅಷ್ಟೇ. ಮೊದಮೊದಲು ಅಮ್ಮ "ದೀಪ ಹಚ್ಚೋ ಹೊತ್ತಿನಾಗ ದೆವ್ವ ಕರದು ಕೂಡಸ್ಯಾಳ" ಎಂದು ಗೊಣಗುತ್ತಾ ಹಾಯ್ದು ಹೋಗುತ್ತಿದ್ದರು. ಆಮೇಲೆ ಬಾಗಿಲಲ್ಲಿ ನಿಂತರು. ಆಮೇಲೆ ಕೂತರು. "ಆ ಕೋಣಿಗೆ ಹೋಗಬ್ಯಾಡ, ಬಾಗಲ ಹಿಂದ ಯಾವನೋ ಉಸಿರಾಡ್ಲಿಕ್ಕತ್ತಾನ" ಎಂದರು. ನಿಜವಾಗಿಯೂ ಒಬ್ಬ ಉಸಿರಾಡುತ್ತಿದ್ದ. ಅವತ್ತಿನಿಂದ ಗುಂಡಿ ಒತ್ತಿ ಆಡಿಸುವ ಕಂಟ್ರೋಲರ್ ಅವರ ಕೈಯಲ್ಲಿದೆ, ನಾನು ಪಕ್ಕದಲ್ಲಿ ಕೂತು ತೆರೆಯ ಮೇಲಿನ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವ ಕೆಲಸದವಳು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ್ದಕ್ಕೆ ಇಷ್ಟು ದಿನಕ್ಕೆ ಒಂದು ಉಪಯೋಗವಾಯಿತು.

ಸರಿ, ಕೇಳಿದ್ದಕ್ಕೆ ಉತ್ತರ. ಡಬ್ಬಿಯಲ್ಲಿ ಮೂರು ಡಿಸ್ಕ್ ಇವೆ. ಅವುಗಳ ನಿಜವಾದ ಹೆಸರು ಹೇಳಿದರೆ ಅಮ್ಮನಿಗೆ ಗೊತ್ತಾಗುವುದಿಲ್ಲ, ಮನೆಯ ಹೆಸರೇ ಬರೆಯುತ್ತೇನೆ.

ಹಡಗಿನ ಆಟವನ್ನು ಕಪಾಟಿನ ಮೇಲಿಡು. ಅದು ಹೊಸಬರಿಗಲ್ಲ. ಪಿಸ್ತೂಲು ಹಿಡಿಯಲು ಒಂದು ಗುಂಡಿ, ಗುರಿಯಿಡಲು ಒಂದು, ಓಡಲು ಇನ್ನೊಂದು. ಹೆದರಿಕೆಗಿಂತ ಮೊದಲು ಬೆರಳಿಗೆ ಬೆರಳು ಸಿಕ್ಕಿಕೊಳ್ಳುತ್ತದೆ. ಇಡೀ ಒಂದು ಸಂಜೆ ಅಮ್ಮ ಗೋಡೆಗೆ ಮುಖ ಹಚ್ಚಿ ನಿಂತಿದ್ದರು, ಹಿಂದಿನಿಂದ ಯಾರು ಬಂದು ಕಚ್ಚಿದರೂ "ಯಾರಲೇ ಅವ" ಎನ್ನುತ್ತಿದ್ದರು.

ಬಂಗಲೆಯ ಆಟ ಪರವಾಗಿಲ್ಲ. ಆಯುಧವೇ ಇಲ್ಲ, ಮಂಚದ ಕೆಳಗೆ, ಅಲಮಾರಿಯಲ್ಲಿ ಅಡಗಿ ಕೂರಬೇಕು. ಆದರೆ ಅಮ್ಮ ಅಡಗುವುದಿಲ್ಲ. "ನಾ ಯಾಕ ಅಡಗಲಿ? ಬಾಗಲಾ ಬಡದು ಬರಬೇಕನ್ನೋ ರೀತಿ ಇಲ್ಲ ಇವಗ" ಎಂದು ಲಾಟೀನು ಹಿಡಿದು ಬರುವವನ ಎದುರಿಗೇ ಹೋಗಿ ನಿಲ್ಲುತ್ತಾರೆ. ನೀನು ಆಡು, ನಿನಗೆ ಅಡಗುವುದು ಬರುತ್ತದೆ.

ಹೊಸಬರಿಗೆ ಹಿಮದ ಆಟವೇ ಸರಿ. ಒಬ್ಬಳೇ ಹುಡುಗಿ, ಸುತ್ತಲೂ ಹಿಮ, ದೂರದಲ್ಲಿ ಏನೋ ಊಳಿಡುತ್ತಿರುತ್ತದೆ. ಮೇಲೆ ಬಂದು ಬೀಳುವುದು ಕಡಿಮೆ. ಅವಳನ್ನು ಬೆಚ್ಚಗಿಡಬೇಕು, ಉಣಿಸಬೇಕು, ನೀರು ಕುಡಿಸಬೇಕು, ಬೆಳಗಿನ ತನಕ ಬದುಕಿಸಬೇಕು. ಅಮ್ಮ ಅವಳಿಗೆ ರಾಧಾ ಎಂದು ಹೆಸರಿಟ್ಟಿದ್ದಾರೆ. ಡಬ್ಬಿಯ ಮಾಂಸ ಸಿಕ್ಕರೆ ಎತ್ತಿಕೊಳ್ಳುವುದಿಲ್ಲ, "ನಮ್ಮ ರಾಧಾಗ ಅದು ನಡಿಯೂದಿಲ್ಲ." ಸುಲಭದ ಮಟ್ಟಕ್ಕೆ ಇಟ್ಟು ಆಡು, ಅದರಲ್ಲಿ ಅವಮಾನವಿಲ್ಲ. ಹಗಲಲ್ಲಿ, ಪರದೆ ಸರಿಸಿ ಆಡು. ಸತ್ತರೆ ಸಾಯಲಿ, ಮತ್ತೆ ಏಳುತ್ತಾಳೆ. ಮುಖ್ಯವಾಗಿ, ಇದ್ದದ್ದನ್ನು ಬಳಸು. ಹೊಸಬರೆಲ್ಲ ಇದೊಂದು ತಪ್ಪು ಮಾಡುತ್ತಾರೆ. ಅಮ್ಮ ಚೀಲದ ತುಂಬ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ರಾಧಾಳನ್ನು ಚಳಿಯಲ್ಲಿ ಸಾಯಿಸಿದರು. ಯಾಕೆ ಎಂದರೆ "ಇರ್ಲಿ, ಮುಂದ ಬೇಕಾಗ್ತದ." ನಿಮ್ಮ ಮನೆಯ ಅಟ್ಟದಲ್ಲಿ ಖಾಲಿ ಸ್ವೀಟ್ ಡಬ್ಬಿಗಳು ಎಷ್ಟಿವೆ ನೋಡಿಕೋ, ನಿನಗೂ ಇದೇ ರೋಗ.

ಇನ್ನು ಕ್ಷೇಮದ ಮಾತು.

ಹೋದ ಭಾನುವಾರ, ತುಳಸಿ ಲಗ್ನದ ಹಿಂದಿನ ದಿನ, ಏಕಾದಶಿ. ಅಮ್ಮನದು ಗೊತ್ತಲ್ಲ, ಹನಿ ನೀರೂ ಇಲ್ಲ. ಶುಗರ್ ಮಾತ್ರೆ ನುಂಗುವವರು ಹೀಗೆ ಮಾಡಬಾರದು ಎಂದು ಡಾಕ್ಟರು ಎಷ್ಟು ಸಲ ಹೇಳಿದ್ದಾರೆ! ವಯಸ್ಸಾದವರು ಹಾಲು ಹಣ್ಣು ತೆಗೆದುಕೊಳ್ಳಬಹುದು ಎಂದು ಮಠದ ಆಚಾರ್ಯರೂ ಹೇಳಿದರು. "ಅವರಿನ್ನಾ ಸಣ್ಣವರು" ಎಂದುಬಿಟ್ಟರು ಅಮ್ಮ. ನಿನ್ನಣ್ಣ "ಅತ್ತಿ ಸೊಸಿ ನಡುವ ನಾ ಬರೂದಿಲ್ಲ" ಎಂದು ಪೇಪರ್ ಎತ್ತಿಕೊಳ್ಳುತ್ತಾರೆ. ನೀನು ಮಾತ್ರ ಫೋನಿನಲ್ಲಿ "ನಮ್ಮಮ್ಮನ ನಿಷ್ಠಾ ಯಾರಿಗೂ ಬರೂದಿಲ್ಲ" ಎಂದು ಹೊಗಳುತ್ತೀಯ, ಅದನ್ನು ಕೇಳಿ ಅವರು ಇನ್ನೊಂದು ಏಕಾದಶಿಗೆ ಸಿದ್ಧರಾಗುತ್ತಾರೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆಯೇ? ಇರಬಹುದು. ಆದರೂ ಅಳಿಸುವುದಿಲ್ಲ.

ಅವತ್ತು ಮಧ್ಯಾಹ್ನ ಹೊತ್ತು ಹೋಗದೆ ಹಿಮದ ಆಟ ಹಾಕಿಸಿದರು. ಸ್ವಲ್ಪ ಹೊತ್ತಿಗೆ ರಾಧಾಳ ಹಸಿವಿನ ಗುರುತು ಕೆಂಪಾಯಿತು. ಚೀಲದಲ್ಲಿ ಬಿಸ್ಕತ್ತಿದೆ, ಒಣಹಣ್ಣಿದೆ, ನೀರಿದೆ.

"ಅಮ್ಮ, ತಿನ್ನಸ್ರಿ ಅಕಿಗೆ."

"ಇವತ್ತ ಏಕಾದಶಿ."

"ಅಕಿಗೆ ಏಕಾದಶಿ ಗೊತ್ತಿಲ್ಲಮ್ಮ."

"ನನಗ ಗೊತ್ತದಲ್ಲ. ಆಡಸಾಕಿ ನಾನು."

ನೆಲ ಒರೆಸುತ್ತಿದ್ದ ಕೆಲಸದ ಕೊಟ್ರಮ್ಮ ತಡೆಯದೆ, "ಅಯ್ಯ ಅಮ್ಮಾರ, ಸಾಯಾಕತ್ಯಾಳಲ್ರೀ ಹುಡುಗಿ! ನಿಮಗ ಪುಣ್ಯ ಬರಾಕ ಅಕಿ ಯಾಕ ಉಪಾಸ ಇರ್ಬೇಕ್ರಿ?" ಎಂದಳು.

"ನೀ ನೆಲಾ ಒರಸು."

ರಾಧಾ ಸತ್ತಳು. ಅಮ್ಮ ಮತ್ತೆ ಎಬ್ಬಿಸಿದರು, ಮತ್ತೆ ಉಣಿಸಲಿಲ್ಲ. ನನಗೆ ತಲೆ ಕೆಟ್ಟಿತ್ತು. ಟಿವಿ ಆರಿಸಿ ಹೋಗೋಣವೆಂದು ಎದ್ದಿದ್ದೆ. ಈ ಆಟದಲ್ಲಿ ಪ್ರಾಣ ಹೋಗುವ ಮುಂಚೆ ತೆರೆಯ ಅಂಚೆಲ್ಲ ನಿಧಾನವಾಗಿ ಕಪ್ಪಾಗುತ್ತದೆ. ಅದನ್ನು ನೋಡುತ್ತಾ ಅಮ್ಮ ತಮ್ಮಷ್ಟಕ್ಕೇ ಎಂದರು:

"ಹಿಂಗಽ ಆಗ್ತದ ನೋಡು. ಮೊದಲ ಅಂಚು ಕಪ್ಪಾಗ್ತದ. ಆಮ್ಯಾಲ ಕಿವ್ಯಾಗ ಗುಂಯ್ ಅಂತದ. ಕೈ ನಡುಗೂದು ಕಡೀಕ. ಇದನ್ನ ಮಾಡಿದಾವ ಉಪವಾಸ ಇದ್ದು ನೋಡಿದಾವನಽ ಇರಬೇಕು."

"ಯಾರಿಗೆ ಹಿಂಗ ಆಗ್ತದ ಅಮ್ಮ?"

"ರಾಧಾಗ" ಎಂದರು.

ಅವರ ಕೈಯಲ್ಲಿ ಕಂಟ್ರೋಲರ್ ನಡುಗುತ್ತಿತ್ತು. ಆಟದಲ್ಲಿ ಜೀವ ಹೋಗುವಾಗ ಅದು ತಾನೇ ನಡುಗುತ್ತದೆ, ಅದೇ ಇರಬೇಕು ಎಂದುಕೊಂಡೆ. ಕಿತ್ತುಕೊಂಡು ಟೀಪಾಯಿಯ ಮೇಲಿಟ್ಟೆ. ಅದು ಸುಮ್ಮನಾಯಿತು. ಕೈ ಸುಮ್ಮನಾಗಲಿಲ್ಲ.

ಬೆರಳು ಚುಚ್ಚಿ ನೋಡಿದರೆ ಶುಗರ್ ಪಾತಾಳಕ್ಕಿಳಿದಿತ್ತು. ಆಗ ಕೊಟ್ರಮ್ಮ ಬಾಯಿಬಿಟ್ಟಳು. ಹಿಂದಿನ ಏಕಾದಶಿಯ ದಿನ ನಾನು ಬ್ಯಾಂಕಿನಲ್ಲಿದ್ದಾಗ ಅಮ್ಮ ತುಳಸಿಕಟ್ಟೆಯ ಹತ್ತಿರ ಬಿದ್ದಿದ್ದರಂತೆ. ಹಣೆಯ ಮೇಲಿನ ಕಲೆ ನೆನಪಿದೆಯೇ? ಒದ್ದೆ ನೆಲದ ಮೇಲೆ ಕಾಲು ಜಾರಿತು ಎಂದು ನಿನಗೂ ನನಗೂ ಹೇಳಿದ್ದು ಅದನ್ನೇ. ನೆಲ ಒರೆಸುವವಳ ಮೇಲೆ ತಪ್ಪು ಬಂದರೂ ಅವಳು ಸುಮ್ಮನಿದ್ದಳು, ಅಮ್ಮ ಆಣೆ ಹಾಕಿಸಿಕೊಂಡಿದ್ದರು. ಹೇಗೋ ಸಕ್ಕರೆ ನೀರು ಒಳಗೆ ಹೋಗಿ, ಸಂಜೆಯ ಹೊತ್ತಿಗೆ ಎದ್ದು ಕೂತರು. ಎದ್ದವರೇ ನನ್ನಿಂದಲೂ ಮಾತು ತೆಗೆದುಕೊಂಡರು: "ಫೋನಿನ್ಯಾಗ ಶ್ರೀಗೆ ಹೇಳಬ್ಯಾಡ." ನಾನು ಫೋನಿನಲ್ಲಿ ಹೇಳಿಲ್ಲ. ಇದು ಮೋಸವೇ? ಬಸ್ಸಿನಲ್ಲಿ ಇದನ್ನೇ ಯೋಚಿಸಿ ಯೋಚಿಸಿ ಮೆಸೇಜ್ ಅಳಿಸಿದ್ದು. ಮೋಸವಾದರೆ ಆಗಲಿ.

ಬರುವ ಶನಿವಾರ ಮತ್ತೆ ಏಕಾದಶಿ, ಅಮ್ಮ ನಿನ್ನ ಮನೆಯಲ್ಲಿರುತ್ತಾರೆ. ಹಿಂದಿನ ದಿನವೇ ಡಾಕ್ಟರಿಗೆ ಫೋನ್ ಮಾಡಿ ಮಾತ್ರೆಯ ವಿಷಯ ಕೇಳು, ನಂಬರ್ ಡಬ್ಬಿಯ ಮೇಲೆ ಬರೆದಿದ್ದೇನೆ. ನಿಷ್ಠೆಯ ಮಾತು ಎತ್ತಬೇಡ, ಉಪದೇಶವನ್ನಂತೂ ಮಾಡಲೇಬೇಡ. ಬೆಳಿಗ್ಗೆಯೇ ಹಿಮದ ಆಟ ಹಾಕು. ಕಂಟ್ರೋಲರ್ ನೀನು ಹಿಡಿ, ನಾನು ಹೊಸಬಳು, ಕಲಿಸಿಕೊಡು ಎನ್ನು. ರಾಧಾಳಿಗೆ ಹಸಿವಾದ ಕೂಡಲೇ ಉಣಿಸು, ನೀರು ಕುಡಿಸು. ಅಮ್ಮ ಬೈಯುತ್ತಾರೆ, ಬೈಸಿಕೋ. ಅಂಚು ಕಪ್ಪಾಗಲು ಕಾಯಬೇಡ. ರಾಧಾ ಕುಡಿಯುತ್ತಿರುವಾಗಲೇ ಅಮ್ಮನ ಮುಂದೆ ಹಾಲಿನ ಲೋಟ ಹಿಡಿ, ಏನೂ ಮಾತಾಡಬೇಡ. ಯಾವ ಆಟ ಛಲೋ ಎಂದು ಕೇಳಿದೆಯಲ್ಲ, ನನಗೆ ಗೊತ್ತಿರುವ ಉತ್ತರ ಇದೊಂದೇ.

ಡಬ್ಬಿಯಲ್ಲಿ ಚಟ್ನಿಪುಡಿಯೂ ಇದೆ. ನಿನಗೆ ಎಲ್ಲ ಒಳ್ಳೆಯದಾಗಲಿ, ಮನೆ ತುಂಬಿರಲಿ.

ನಿನ್ನ ಅತ್ತಿಗೆ,
ಸುಮೇಧಾ

ತಾ. ಕ.: "ಹೇಗೋ ಸಕ್ಕರೆ ನೀರು ಒಳಗೆ ಹೋಯಿತು" ಎಂದು ಬರೆದು ಮುಂದೆ ಹೋಗಿಬಿಟ್ಟೆ. ಅದು ಹೋದದ್ದು ಹೀಗೆ. ಲೋಟ ಹಿಡಿದು ನಾನು ನೆಲದ ಮೇಲೆ ಕೂತು ಬೇಡಿಕೊಂಡೆ ಶ್ರೀ, ಅತ್ತುಬಿಟ್ಟೆ, ಕೊಟ್ರಮ್ಮನೂ ಅತ್ತಳು. ಅಮ್ಮ ಹಲ್ಲು ಕಚ್ಚಿ ಮುಖ ಆ ಕಡೆ ತಿರುಗಿಸಿದರು. ಅಷ್ಟರಲ್ಲಿ ಹೊರಗೆ ಹೋಗಿದ್ದ ನಿನ್ನಣ್ಣ ಬಂದರು. ನನ್ನ ಕೈಯಿಂದ ಅದೇ ಲೋಟ ತೆಗೆದುಕೊಂಡು "ಅಮ್ಮಾ" ಎಂದರು, ಅಷ್ಟೇ. ಅಮ್ಮ ಕುಡಿದರು. ಮರುದಿನ ಪಾರಣೆಯಾದ ಮೇಲೆ, ನಾನು ಕೇಳದೆಯೇ ಹೇಳಿದರು: "ಹೊಟ್ಟ್ಯಾಗ ಹುಟ್ಟಿದವರು ಕೊಟ್ರ ಇಲ್ಲನ್ನಲಿಕ್ಕೆ ಬರೂದಿಲ್ಲ. ಸೊಸಿ ಕೊಟ್ರ ಸೋತಂಗ ಆಗ್ತದ." ಬೇಸರದಿಂದ ಹೇಳಲಿಲ್ಲ, ಎಂದಿನಂತೆ ಬತ್ತಿ ಹೊಸೆಯುತ್ತಾ ಹೇಳಿದರು. ಆಟದಲ್ಲಿ ನನ್ನನ್ನು ಕೇಳದೆ ಒಂದು ಬಾಗಿಲನ್ನೂ ತೆರೆಯುವುದಿಲ್ಲ ಅವರು. ಅದಕ್ಕೇ ಹೇಳುತ್ತಿದ್ದೇನೆ, ಲೋಟ ನೀನೇ ಹಿಡಿ, ನನ್ನ ಹೆಸರು ಎತ್ತಬೇಡ. ಅವರು ಕುಡಿದ ಮೇಲೆ ರಾಧಾ ಏನು ತಿಂದಳು ಎಂದು ಒಂದು ಮೆಸೇಜ್ ಹಾಕು ಸಾಕು. ನನಗೆ ತಿಳಿಯುತ್ತದೆ.