ದ್ವಾದಶಿಯ ಮಡಿನೀರು

ಬಾಗಲಕೋಟೆ
೨೪ ಆಗಸ್ಟ್ ೧೯೫೭, ಶನಿವಾರ

ಪುಣೆಯಲ್ಲಿರುವ ನನ್ನ ಯಜಮಾನರಿಗೆ ಸುಲಭಾ ಮಾಡುವ ನಮಸ್ಕಾರಗಳು.

ನಿಮ್ಮ ನೆಗಡಿ ವಾಸಿಯಾಯಿತೆ? ಖಾನಾವಳಿಯ ಊಟ ಹೊಟ್ಟೆಗೆ ಒಗ್ಗುತ್ತಿದೆಯೆ? ಹೋದ ವಾರ ಕಳಿಸಿದ ಕರದಂಟು ಮುಟ್ಟಿರಬೇಕು. ನೀವೇ ತಿನ್ನಿ, ಕಚೇರಿಯವರಿಗೆಲ್ಲ ಹಂಚಿ ದಾನಶೂರರಾಗಬೇಡಿ. ಅತ್ತೆಯವರು ಕ್ಷೇಮ. ನಾನು ಮಗ್ಗುಲಾಗಿ ಮಲಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಬೆನ್ನಿನ ಉಪಕಾರ.

ಪಂಢರೀನಾಥಣ್ಣ ನನ್ನನ್ನು ಮಿರಜಕ್ಕೆ ಕರೆದುಕೊಂಡು ಹೋದದ್ದನ್ನು ನಿಮಗೆ ಬರೆದಿದ್ದಾನೆ. ಎರಡು ವರ್ಷದ ಹಿಂದೆ ಆಪರೇಷನ್ ಮಾಡಿದ ಡಾಕ್ಟರೇ ನೋಡಿದರು. ಬೆನ್ನಿನ ಮಣಿಗಳ ನಡುವಿನ ಅದೇ ಬಿಲ್ಲೆ, ಉಳಿದಿದ್ದ ಚೂರು ಮತ್ತೆ ಜಾರಿ ನರವನ್ನು ಒತ್ತುತ್ತಿದೆಯಂತೆ. ಎಡಗಾಲಿನ ಹೆಬ್ಬೆರಳಿಗೆ ಸೂಜಿ ಚುಚ್ಚಿದ್ದನ್ನು ಅವರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಬಿಟ್ಟರೆ ಪಾದ ಜೋತುಬೀಳುತ್ತದೆ. ಮತ್ತೆ ಕೊಯ್ದರೆ ನೆಟ್ಟಗಾಗುವ ಭರವಸೆ ಅರ್ಧಕ್ಕರ್ಧ ಮಾತ್ರ. ಮೂರನೆಯ ಸಲ ಕೈಹಾಕುವುದಿಲ್ಲ ಎಂದರು. ಏನು ಭಾರ ಎತ್ತಿದೆ ಎಂದು ಕೇಳಿದಾಗ ಏನೂ ಇಲ್ಲ ಎಂದುಬಿಟ್ಟೆ. ಪರವೂರಿನ ಆ ಮನುಷ್ಯನಿಗೆ ನಮ್ಮ ಮಡಿನೀರನ್ನು ಹೇಗೆ ವಿವರಿಸಲಿ?

ಮೊದಲ ಆಪರೇಷನ್ ಆಗಿ ಬಂದ ಮೇಲೆ ನನ್ನನ್ನು ಯಾರೂ ದುಡಿಸಲಿಲ್ಲ, ಆ ಮಾತು ಖರೆ. ಕಸ, ಮುಸುರೆ, ಒಗೆತ ಎಲ್ಲ ಕೆಲಸದ ಸೋಮವ್ವನ ಪಾಲಾಯಿತು. ಆದರೆ ದೇವರಿಗೂ ಅಡುಗೆಗೂ ಬೇಕಾದ ನೀರನ್ನು ಅವಳು ಮುಟ್ಟುವಂತಿಲ್ಲ. ಹಗುರ ಕೆಲಸವೆಲ್ಲ ತಪ್ಪಿತು, ಬೆನ್ನು ಮುರಿಯುವ ಆ ಒಂದು ಕೆಲಸ ಮಾತ್ರ ನನಗೇ ಉಳಿಯಿತು. ಇದರಲ್ಲಿ ತಪ್ಪಿದೆಯೆಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಷಾಢದ ದ್ವಾದಶಿ ನೆನಪಿದೆಯೆ? ನೀವು ರಜೆಗೆ ಬಂದಿದ್ದಿರಿ. ಉಪವಾಸದ ಮರುದಿನ, ಬೇಗ ಪಾರಣೆಯಾಗಬೇಕು. ನಾನು ಒದ್ದೆ ಸೀರೆಯಲ್ಲಿ ಬಾವಿಯ ಹತ್ತಿರ ನಾಲ್ಕನೆಯ ಕೊಡ ಜಗ್ಗುವಾಗ ಸೊಂಟದಲ್ಲಿ ಏನೋ ಛಟ್ಟೆಂದಿತು. ಕಟ್ಟೆ ಹಿಡಿದು ನಿಂತೆ. ನೀವು ಸ್ನಾನ ಮಾಡಿ, ಮಡಿ ಉಟ್ಟು, ದೇವರ ಮುಂದೆ ಕೂತು ಒಳಗಿನಿಂದ ಕೇಳಿದಿರಿ, "ನೀರು ಬಂತೇನ?" ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕೇಳಿದಿರಿ. ನಾನು ಆ ಕೊಡ ಹೊತ್ತು ತಂದಿಟ್ಟೆ. ಊಟ ಮಾಡಿ ನೀವು ಮಲಗಿದಿರಿ. ಒಂದೂವರೆ ತಿಂಗಳಿನಿಂದ ಈ ಮಾತನ್ನು ನುಂಗಿಕೊಂಡಿದ್ದೇನೆ, ಇನ್ನು ಆಗುವುದಿಲ್ಲ.

ದವಾಖಾನೆಯವರು ಗಂಡನ ಸಹಿ ಬೇಕೆಂದು ಕೊಟ್ಟ ಕಾಗದವನ್ನು ಅಣ್ಣ ನಿಮಗೆ ಕಳಿಸಿದ. ನೀವು ಸಹಿ ಹಾಕದೆ, ಮೇಲೊಂದು ಚೀಟಿ ಇಟ್ಟು ತಿರುಗಿ ಕಳಿಸಿದಿರಿ: "ಅವ್ವನನ್ನು ಕೇಳಿ ಮಾಡು." ಎಷ್ಟು ಸಲೀಸು! ಕಾಲು ನನ್ನದು, ನಿರ್ಧಾರ ಅವ್ವನದು, ನಿಮ್ಮದೇನು? ನನಗೆ ಹೆದರಿಕೆ ಇದೆ. ಮೇಜಿನ ಮೇಲೆ ಮಲಗಿ ಏಳದೇ ಹೋದರೆ ಎಂಬ ಹೆದರಿಕೆ, ಕಾಲೆಳೆಯುತ್ತ ಈ ಅಂಗಳದಲ್ಲೇ ಮುಗಿದುಹೋದರೆ ಎಂಬ ಹೆದರಿಕೆ. ಎರಡನೆಯದೇ ಹೆಚ್ಚು.

ನಿಮ್ಮ ಚೀಟಿಯನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಹೇಳಿದರು, "ನಂದೂ ಅದ ಬಾವಿ ಕಟ್ಟಿ ಮ್ಯಾಲೆ ಹೋತು. ಹೆಂಗಸರ ಬೆನ್ನು ಇರೋದ ಹಿಂಗ ಅಂತ ತಿಳಕೊಂಡಿದ್ದೆ." ಬಾಗಿ ನಡೆಯುವ ಅವರನ್ನು ಕಂಡು, ಅವ್ವ ಬಿದ್ದ ಕಾಸು ಹುಡುಕುತ್ತಾಳೆ ಎಂದು ನೀವು ನಗುತ್ತಿದ್ದಿರಿ, ನಾನೂ ನಕ್ಕಿದ್ದೇನೆ. ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಈಗ ಇರುವುದೆಲ್ಲ ನಿಮ್ಮ ಮೇಲಿನದು.

ಮಳೆಗಾಲ, ಕಾಸಿದ ನೀರು ಕುಡಿಯಿರಿ. ಅತ್ತೆಯವರ ಆಶೀರ್ವಾದಗಳು.

ಇಂತು,
ಸುಲಭಾ

ತಾ.ಕ.: ಅವ್ವನನ್ನು ಕೇಳಿ ಮಾಡು ಎಂದಿರಲ್ಲ, ಕೇಳಿದೆ. ನಿಮ್ಮ ಸಹಿಯ ಜಾಗದಲ್ಲಿ ಅತ್ತೆಯವರು ಹೆಬ್ಬೆಟ್ಟು ಒತ್ತಿದ್ದಾರೆ, ಅದರ ಕೆಳಗೆ ನಾನು ಸಹಿ ಮಾಡಿದ್ದೇನೆ. ಚೌತಿ ಮುಗಿದ ಮರುದಿನ ಅಣ್ಣನ ಜೊತೆ ಮಿರಜಕ್ಕೆ ಹೊರಡುತ್ತೇನೆ. ಮುಂದಿನ ದ್ವಾದಶಿಗೆ ಇನ್ನು ಹನ್ನೆರಡು ದಿನ. ಅತ್ತೆಯವರು ಎದುರಿಗೇ ಕೂತು ಇದನ್ನು ಬರೆಸುತ್ತಿದ್ದಾರೆ: "ಅವಂಗ ರಜಾ ಹಾಕಿ ಬಾ ಅಂತ ಬರಿ. ಮಡಿ ಉಡಲಿಕ್ಕೆ ಅವಂಗ ಬರ್ತದ. ಬಾವಿ ಇದ್ದಲ್ಲೇ ಅದ, ಹಗ್ಗ ಹೊಸಾದು ತರಸೇನಿ."